ಮನಸ್ಸಿನಲ್ಲಿ ಯಾವ ಭಾಷೆಯಲ್ಲಿ ಮಾತಾಡಿಕೊಳ್ಳುತ್ತೀರಿ?

ಎಚ್ಚರವಾಗಿರುವಾಗಲೇ ಮೆದುಳಿನ ಆಪರೇಷನ್ ಮಾಡಬೇಕು ಎಂದು ಡಾಕ್ಟರು ಹೇಳಿದಾಗ ಎದೆ ಧಸಕ್ಕೆಂದಿತು. ಇದನ್ನು ಅನುಭವಿಸಿದವರು ಯಾರಾದರೂ ಕನ್ನಡದಲ್ಲಿ ಬರೆದಿದ್ದಾರಾ ಎಂದು ಆಗ ತುಂಬಾ ಹುಡುಕಿದೆ. ನನಗಂತೂ ಸಿಗಲಿಲ್ಲ. ಹೋದ ವಾರ ಹೊಸ ಎಂಆರ್‌ಐ ನೋಡಿ, "ಸದ್ಯಕ್ಕೆ ಬೇರೇನೂ ಬೇಡ, ಆರು ತಿಂಗಳು ಬಿಟ್ಟು ಬನ್ನಿ" ಎಂದರು. ಹಾಗಾಗಿ ಈಗ ಕೂತು ಬರೆಯುತ್ತಿದ್ದೇನೆ. ಕಾಗದಪತ್ರ, ಖರ್ಚು, ಕಾಯುವುದು ಎಲ್ಲವನ್ನೂ ಹೇಳುತ್ತೇನೆ. ಜೊತೆಗೆ ಇನ್ನೊಂದು ವಿಷಯ ಹೇಳಲೇಬೇಕು. ತಲೆಯೊಳಗೆ ಬೆಳಗಿನಿಂದ ರಾತ್ರಿವರೆಗೆ ಒಂದು ದನಿ ಮಾತಾಡುತ್ತಲೇ ಇರುತ್ತದಲ್ಲ, ಅದು ನನ್ನೊಳಗೆ ಕೆಲವು ದಿನ ನಿಂತೇಹೋಗಿತ್ತು. ಆಗ ನಾನು ಹೇಗಿದ್ದೆ ಎಂಬುದು ಈ ದಾರಿಯಲ್ಲಿ ಹೋಗುವವರಿಗೂ ಅವರ ಮನೆಯವರಿಗೂ ಗೊತ್ತಿರಬೇಕು.

ನಾನು ಬೆಂಗಳೂರಿನ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಮನೆ ಶ್ರೀನಗರದ ಕಡೆ. ವಯಸ್ಸು 43.

ಶುರುವಾಗಿದ್ದು ಕ್ಲಾಸಿನಲ್ಲಿ. ಒಂಬತ್ತನೇ ತರಗತಿಗೆ ಬಹುಪದೋಕ್ತಿ ಹೇಳಿಕೊಡುತ್ತಿದ್ದೆ. ವಾಕ್ಯದ ಮಧ್ಯದಲ್ಲಿ ಮಾತು ನಿಂತಿತು. ನಾಲಿಗೆ ತೊದಲಲಿಲ್ಲ, ತಲೆ ಸುತ್ತಲಿಲ್ಲ. ಹೇಳಬೇಕಾದ ಮಾತು ಒಳಗಿನಿಂದಲೇ ಬರಲಿಲ್ಲ. ಸೀಮೆಸುಣ್ಣ ಕೈಯಲ್ಲಿತ್ತು, ಮಕ್ಕಳ ಮುಖ ಕಾಣುತ್ತಿತ್ತು, ಹೊರಗೆ ಆಟೋ ಹಾರ್ನ್ ಕೇಳುತ್ತಿತ್ತು. ಅರ್ಧ ನಿಮಿಷವಾದ ಮೇಲೆ ಮಾತು ವಾಪಸ್ ಬಂತು. ಮಕ್ಕಳು ನಾನು ಯೋಚನೆ ಮಾಡುತ್ತಿದ್ದೇನೆ ಅಂದುಕೊಂಡಿದ್ದರು.

ಮೊದಲು ತೋರಿಸಿದ ಕಡೆ ಬಿಪಿ, ಶುಗರ್ ನೋಡಿ, "ಟೆನ್ಷನ್ ಮೇಡಂ, ಸ್ವಲ್ಪ ರಜಾ ಹಾಕಿ" ಎಂದು ನಿದ್ದೆ ಮಾತ್ರೆ ಬರೆದುಕೊಟ್ಟರು. ಅದಾದ ಮೇಲೂ ಹೀಗೆ ಆಗುತ್ತಲೇ ಇತ್ತು. ಒಂದು ಸಂಜೆ ಒಗ್ಗರಣೆ ಹಾಕುವಾಗ ಹಾಗೇ ನಿಂತುಬಿಟ್ಟೆ. ಮಗ ಪಕ್ಕದಲ್ಲೇ ಇದ್ದ. ಒಲೆ ಆರಿಸಿ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡ. ಆ ವಿಡಿಯೋ ಇಲ್ಲದಿದ್ದರೆ ಇನ್ನೆಷ್ಟು ತಿಂಗಳು ಹೋಗುತ್ತಿತ್ತೋ. ನರರೋಗ ತಜ್ಞರು ಅದನ್ನು ನೋಡಿದ ತಕ್ಷಣ, "ಇದು ಫಿಟ್ಸ್. ಕೈಕಾಲು ಅದುರಲೇಬೇಕು, ಪ್ರಜ್ಞೆ ತಪ್ಪಲೇಬೇಕು ಅಂತಿಲ್ಲ" ಎಂದರು. ಮನೆಯಲ್ಲಿ ಯಾರಿಗಾದರೂ ಹೀಗೆ ಆಗುತ್ತಿದ್ದರೆ ವಿಡಿಯೋ ತೆಗೆಯಿರಿ. ಡಾಕ್ಟರ ಎದುರು ಕೂತಾಗ ಬಾಯಲ್ಲಿ ವಿವರಿಸುವುದು ಬಹಳ ಕಷ್ಟ.

ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆ ನಾರ್ಮಲ್ ಬಂತು. ಇಇಜಿ ನಾರ್ಮಲ್ ಬಂದ ಮಾತ್ರಕ್ಕೆ ಫಿಟ್ಸ್ ಇಲ್ಲ ಅಂತ ಅಲ್ಲ, ಇದು ನೆನಪಿರಲಿ. ಎಂಆರ್‌ಐ ಮಾಡಿಸಿದಾಗ ಎಡಗಡೆ ಮುಂಭಾಗದಲ್ಲಿ ಒಂದು ಬಿಳಿ ಮಚ್ಚೆ ಕಾಣಿಸಿತು. ನಿಧಾನವಾಗಿ ಬೆಳೆಯುವ ಗ್ಲಯೋಮಾ ಎಂಬ ಮೆದುಳಿನ ಗಡ್ಡೆ ಇರಬಹುದು ಎಂದು ರಿಪೋರ್ಟ್. ಕಾಂಟ್ರಾಸ್ಟ್ ಹಾಕಿದ ಎಂಆರ್‌ಐಗೆ 12 ಸಾವಿರ ಚಿಲ್ಲರೆ ಆಯಿತು. ಫಿಲ್ಮ್ ಮತ್ತು ರಿಪೋರ್ಟ್ ಜೊತೆಗೆ ಸಿಡಿಯನ್ನೂ ಕೇಳಿ ಪಡೆಯಿರಿ. ಎರಡನೇ ಅಭಿಪ್ರಾಯಕ್ಕೆ ಹೋದರೆ ಎಲ್ಲ ಸರ್ಜನ್‌ಗಳೂ ಕೇಳುವುದು ಸಿಡಿಯನ್ನೇ.

ಅಭಿಪ್ರಾಯಗಳು ಒಂದೇ ಥರ ಇರಲಿಲ್ಲ. ಒಬ್ಬರು ಸುಮ್ನೆ ಕಾದು ನೋಡೋಣ ಎಂದರು. ಇನ್ನೊಬ್ಬರು ಸೂಜಿ ಹಾಕಿ ಬಯಾಪ್ಸಿ ಮಾತ್ರ ಮಾಡೋಣ ಎಂದರು. ಮೂರನೆಯವರು ಬಿಡಿಸಿ ಹೇಳಿದರು. ಇಂಥ ಗಡ್ಡೆ ನಿಧಾನ ಬೆಳೆದರೂ ಸುಮ್ಮನೆ ಇರುವುದಿಲ್ಲ, ವರ್ಷಗಳು ಕಳೆದಂತೆ ಕೆಟ್ಟ ಸ್ವರೂಪಕ್ಕೆ ತಿರುಗಬಹುದು. ಸಾಧ್ಯವಾದಷ್ಟು ತೆಗೆದರೆ ಒಳ್ಳೆಯದು. ಆದರೆ ಅದು ಮಾತಿನ ಜಾಗದ ಪಕ್ಕದಲ್ಲಿದೆ. ಮಾತಿನ ಜಾಗ ಒಬ್ಬೊಬ್ಬರಿಗೆ ಒಂದೊಂದು ಕಡೆ ಇರುತ್ತದೆ, ಪುಸ್ತಕದ ಚಿತ್ರ ನೋಡಿಕೊಂಡು ಕತ್ತರಿಸಲು ಆಗುವುದಿಲ್ಲ. ನಿಮ್ಮನ್ನು ಎಬ್ಬಿಸಿ, ಮಾತಾಡಿಸಿ, ಎಲ್ಲಿ ಮುಟ್ಟಿದರೆ ಮಾತು ನಿಲ್ಲುತ್ತದೆ ಎಂದು ನೋಡಿಕೊಂಡೇ ತೆಗೆಯಬೇಕು.

ನಿಮ್ಹಾನ್ಸ್‌ನಲ್ಲಿರುವ ಮೆದುಳಿನ ಮ್ಯೂಸಿಯಂಗೆ ಹಿಂದೊಮ್ಮೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿ ಗ್ಲೌಸ್ ಹಾಕಿಕೊಂಡು ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿಯಲು ಬಿಡುತ್ತಾರೆ. ಫಾರ್ಮಲಿನ್‌ನಲ್ಲಿ ಇಟ್ಟಿದ್ದರಿಂದ ಪನೀರ್ ಥರ ಗಟ್ಟಿಯಾಗಿತ್ತು. ಒಂದೂಕಾಲು, ಒಂದೂವರೆ ಕೆಜಿಯ ಒಳಗೆ ಇಡೀ ಮನುಷ್ಯ ಇದ್ದನಾ ಎಂದು ಒಬ್ಬ ಹುಡುಗ ಕೇಳಿದ್ದ. ಆ ಡಾಕ್ಟರ ರೂಮಿನಿಂದ ಹೊರಗೆ ಬಂದಾಗ ಅದೇ ಪ್ರಶ್ನೆ ನನ್ನ ತಲೆ ತುಂಬ. ಇವರು ಮಾತಿನ ಜಾಗ ಉಳಿಸುತ್ತಾರೆ ಸರಿ. ನನ್ನನ್ನು?

ಇನ್ನು ಇನ್ಶೂರೆನ್ಸ್ ಕಥೆ. ಕ್ಯಾಶ್‌ಲೆಸ್ ಅನುಮತಿಗೆ ಆಸ್ಪತ್ರೆಯ ಡೆಸ್ಕಿನಿಂದ ಅರ್ಜಿ ಹೋಯಿತು. ಎರಡು ಕಡೆ ಸಿಕ್ಕಿಬಿತ್ತು. ಆಧಾರ್‌ನಲ್ಲಿ ನನ್ನ ಇನಿಷಿಯಲ್ ಬಿಡಿಸಿ ಬರೆದಿದೆ, ಪಾಲಿಸಿಯಲ್ಲಿ ಬರೀ ಅಕ್ಷರ ಇದೆ. ಇಬ್ಬರೂ ಒಬ್ಬರೇ ಎಂದು ಅಫಿಡವಿಟ್ ಕೇಳಿದರು. ಸ್ಟಾಂಪ್ ಪೇಪರ್, ನೋಟರಿ ಎಂದು ಅರ್ಧ ದಿನ ಹೋಯಿತು. ಆಮೇಲೆ, "ಎಚ್ಚರದಲ್ಲಿಟ್ಟು ಯಾಕೆ ಮಾಡಬೇಕು? ಇದು ಪ್ರಯೋಗದ ಹಂತದ ಚಿಕಿತ್ಸೆಯಾ?" ಎಂದು ಕೇಳಿ ಪತ್ರ ಬಂತು. ಸರ್ಜನ್ ಒಂದು ಪುಟದ ಉತ್ತರ ಬರೆದುಕೊಟ್ಟರು. ಇದು ಹೊಸದಲ್ಲ, ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್ ಎಂಬ ಸರ್ಜನ್ 1930ರ ದಶಕದಲ್ಲೇ ಫಿಟ್ಸ್ ರೋಗಿಗಳಿಗೆ ಹೀಗೆ ಮಾಡುತ್ತಿದ್ದರು ಎಂದು ಅದರಲ್ಲಿ ಸೇರಿಸಿದ್ದರು. ಅನುಮತಿ ಬಂತು, ಆದರೆ ಪೂರ್ತಿ ಮೊತ್ತಕ್ಕಲ್ಲ. ನಿಮ್ಮ ಸರ್ಜನ್ ಹತ್ತಿರ ಈ ಪತ್ರವನ್ನು ಮೊದಲೇ ಬರೆಸಿ ಅರ್ಜಿಯ ಜೊತೆಗೇ ಲಗತ್ತಿಸಿದರೆ ಕೆಲವು ದಿನ ಉಳಿಯುತ್ತದೆ. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಆಸ್ಪತ್ರೆಯ ಆರೋಗ್ಯ ಮಿತ್ರ ಡೆಸ್ಕಿನಲ್ಲಿ ವಿಚಾರಿಸಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗಬಹುದು, ಅದನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಆಪರೇಷನ್‌ಗೆ ಮುಂಚೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಕಳಿಸಿದರು. ವಯಸ್ಸಿನಲ್ಲಿ ನನಗಿಂತ ತುಂಬಾ ಚಿಕ್ಕವರು. ನಾನು ಯಾವ ಕೈಯಲ್ಲಿ ಬರೆಯುತ್ತೇನೆ, ಎಷ್ಟು ಭಾಷೆ ಬರುತ್ತದೆ ಎಂದೆಲ್ಲ ಬರೆದುಕೊಂಡು, "ಮೇಡಂ, ಒಬ್ಬರೇ ಇದ್ದಾಗ ಮನಸ್ಸಲ್ಲಿ ಯಾವ ಭಾಷೇಲಿ ಮಾತಾಡ್ಕೋತೀರಾ?" ಎಂದು ಕೇಳಿದರು.

ನಾನು ತಕ್ಷಣ ಕನ್ನಡ ಎಂದೆ. ಅವರು ಬಿಡಲಿಲ್ಲ. ಲೆಕ್ಕ ಮಾಡುವಾಗ? ಸಿಟ್ಟು ಬಂದಾಗ? ಮೊಬೈಲ್ ನಂಬರ್ ನೆನಪು ಮಾಡಿಕೊಳ್ಳುವಾಗ? ಒಂದು ವಾರ ಗಮನಿಸಿ ಬನ್ನಿ ಎಂದರು. ಗಮನಿಸಿದೆ. ಮಗ್ಗಿ, ಕೂಡುವುದು, ಕಳೆಯುವುದು ಎಲ್ಲ ಕನ್ನಡ. ಫೋನ್ ನಂಬರ್ ಇಂಗ್ಲಿಷ್. ಸಿಟ್ಟು ಬಂದರೆ ತಿಪಟೂರು ಕಡೆಯ ನಮ್ಮಮ್ಮನ ಮಾತು, ಅಮ್ಮನ ಧಾಟಿಯಲ್ಲೇ. ಇನ್ನೂ ಒಂದು ಕಂಡಿತು. ಒಳಗಿನ ಮಾತು ಪೂರ್ತಿ ವಾಕ್ಯವಾಗಿ ಇರುವುದು ಕಡಿಮೆ. "ಹಾಲು", "ಛೆ, ಬಸ್ಸು", "ಅವನಿಗೆ ಹೇಳ್ಬೇಕು", ಇಷ್ಟೇ. ಬಿಎಡ್‌ನಲ್ಲಿ ಲೆವ್ ವೈಗೋಟ್‌ಸ್ಕಿ ಬಗ್ಗೆ ಓದಿದ್ದು ನೆನಪಾಯಿತು. ಚಿಕ್ಕ ಮಕ್ಕಳು ಆಡುವಾಗ ತಮ್ಮಷ್ಟಕ್ಕೆ ಗಟ್ಟಿಯಾಗಿ ಮಾತಾಡಿಕೊಳ್ಳುತ್ತಾರೆ, ದೊಡ್ಡವರಾಗುತ್ತಾ ಅದೇ ಮಾತು ಒಳಗೆ ಇಳಿದು ಚುಟುಕಾಗುತ್ತದೆ ಎನ್ನುತ್ತಿದ್ದರು ಆ ರಷ್ಯನ್ ವಿಜ್ಞಾನಿ. ಪರೀಕ್ಷೆಗೆ ಉರು ಹೊಡೆದ ಆ ಪಾಠ ನನ್ನೊಳಗೇ ನಡೆಯುತ್ತಿರುವುದು ಕಂಡಿದ್ದು ಆ ವಾರ.

ಥೆರಪಿಸ್ಟ್ ಇಷ್ಟು ಕೇಳಿದ್ದಕ್ಕೆ ಕಾರಣ ಇತ್ತು. ಎರಡು ಭಾಷೆ ಬರುವವರ ಮೆದುಳಿನಲ್ಲಿ ಒಂದು ಜಾಗ ಮುಟ್ಟಿದರೆ ಒಂದು ಭಾಷೆಯ ಹೆಸರು ಮಾತ್ರ ಸಿಗದೆ ಹೋಗಬಹುದು, ಇನ್ನೊಂದು ಭಾಷೆ ಸರಿಯಾಗೇ ಇರಬಹುದು. ಅಮೆರಿಕದ ಜಾರ್ಜ್ ಓಜೆಮನ್ ಎಂಬ ಸರ್ಜನ್ 1978ರಲ್ಲೇ ಇದನ್ನು ತೋರಿಸಿದ್ದರಂತೆ. ಅಂದರೆ ಟೇಬಲ್ ಮೇಲೆ ಯಾವ ಭಾಷೆಯನ್ನು ಪರೀಕ್ಷೆ ಮಾಡುತ್ತಾರೋ ಆ ಭಾಷೆಯನ್ನು ಮಾತ್ರ ಅವರು ಕಾಪಾಡಲು ಸಾಧ್ಯ. ದಯವಿಟ್ಟು ಇದನ್ನು ಹಗುರವಾಗಿ ತಗೋಬೇಡಿ. ಆಸ್ಪತ್ರೆಯಲ್ಲಿ ಇಂಗ್ಲಿಷ್‌ನಲ್ಲಿ ಮಾತಾಡಿ ಅಭ್ಯಾಸ ಇರುವವರಿಗೆ ಇಂಗ್ಲಿಷ್ ಪಟ್ಟಿಯೇ ಸಾಕು ಅನ್ನಿಸಬಹುದು. ಸಾಲದು. ನೀವು ಮನೆಯಲ್ಲಿ ತುಳು, ಕೊಂಕಣಿ, ತೆಲುಗು, ಉರ್ದು ಯಾವುದು ಆಡಿದರೂ ಮೊದಲ ಭೇಟಿಯಲ್ಲೇ ಹೇಳಿ, ಫೈಲಿನಲ್ಲಿ ಬರೆಸಿ. ನನಗೆ ಕನ್ನಡದ ಚಿತ್ರಗಳ ಪಟ್ಟಿ ಕೂತು ತಯಾರು ಮಾಡಿದರು. ನಾನು ಪ್ರತಿ ಸಲ ತಡವರಿಸದೆ ಒಂದೇ ಹೆಸರು ಹೇಳಿದ ಚಿತ್ರಗಳನ್ನು ಇಟ್ಟುಕೊಂಡು ಉಳಿದಿದ್ದನ್ನು ತೆಗೆದುಹಾಕಿದರು. ಕೊನೆಯಲ್ಲಿ ಸ್ವಲ್ಪ ಇಂಗ್ಲಿಷ್ ಹೆಸರುಗಳು, ಸ್ವಲ್ಪ ಬಾಯಿಲೆಕ್ಕ. ಬಾಯಿಲೆಕ್ಕ ಸೇರಿಸಿ ಎಂದು ನಾನೇ ಕೇಳಿದೆ. ಲೆಕ್ಕ ಹೋದರೆ ನನ್ನ ಕೆಲಸ ಹೋದಂತೆ.

ಫಂಕ್ಷನಲ್ ಎಂಆರ್‌ಐ ಕೂಡ ಮಾಡಿದರು. 20 ಸಾವಿರದ ಹತ್ತಿರ ಆಯಿತು. ಮೆದುಳಿನ ಯಾವ ಭಾಗ ಕೆಲಸ ಮಾಡುತ್ತದೋ ಅಲ್ಲಿಗೆ ರಕ್ತ ಜಾಸ್ತಿ ಹರಿಯುತ್ತದೆ, ಅದನ್ನು ಯಂತ್ರ ಹಿಡಿಯುತ್ತದೆ. ಬಾಯಿ ಆಡಿಸಿದರೆ ತಲೆ ಅಲ್ಲಾಡಿ ಚಿತ್ರ ಕೆಡುತ್ತದೆ. ಅದಕ್ಕೇ, "ತುಟಿ ಆಡಿಸ್ಬೇಡಿ, ಅಕ್ಷರ ಕಾಣಿಸಿದಾಗ ಅದರಿಂದ ಶುರುವಾಗೋ ಪದಗಳನ್ನ ಮನಸ್ಸಲ್ಲೇ ಹೇಳ್ಕೊಳ್ಳಿ" ಎಂದರು. 'ಕ' ಬಂತು. ಕಮಲ, ಕಡಲೆ, ಕಪಾಟು, ಕರಡಿ. ನಂತರ ಪರದೆಯ ಮೇಲೆ ಬರೀ ಒಂದು ಚುಕ್ಕೆ. ಈಗ ಏನೂ ಹೇಳಿಕೊಳ್ಳಬೇಡಿ, ಸುಮ್ಮನಿರಿ. ಅದು ಸಾಧ್ಯವಾಗಲಿಲ್ಲ. ಸುಮ್ಮನಿರಬೇಕು, ಸುಮ್ಮನಿರಬೇಕು ಎಂದು ಒಳಗಿನ ದನಿಯೇ ಹೇಳುತ್ತಿತ್ತು. ಹೊರಗೆ ಬಂದು ಹೇಳಿದಾಗ ಅವರು ಎಲ್ಲರಿಗೂ ಹಾಗೇ ಎಂದರು. ಕೆಲಸ ಇಲ್ಲದಾಗ ಮೆದುಳು ಸುಮ್ಮನಿರುವುದಿಲ್ಲ, ತನ್ನದೇ ವಿಷಯ ಮೆಲುಕು ಹಾಕುತ್ತದೆ. ಅಮೆರಿಕದ ಮಾರ್ಕಸ್ ರೈಕಲ್ ಮತ್ತು ಜೊತೆಯವರು 2001ರಲ್ಲಿ ಅದಕ್ಕೊಂದು ಹೆಸರನ್ನೂ ಕೊಟ್ಟಿದ್ದಾರಂತೆ, ಡಿಫಾಲ್ಟ್ ಮೋಡ್ ಎಂದು. ಕೊನೆಗೆ ಬಂದ ಚಿತ್ರದಲ್ಲಿ, ನಾನು ಯಾರಿಗೂ ಕೇಳಿಸದಂತೆ ಹೇಳಿಕೊಂಡ ಪದಗಳು ಎಡಗಡೆ ಬಣ್ಣದ ಮಚ್ಚೆಗಳಾಗಿ ಕಾಣಿಸಿದವು. ಗಡ್ಡೆಗೆ ತೀರಾ ಹತ್ತಿರ. ಅದನ್ನು ನೋಡಿ ಸಂಕಟವಾಯಿತು.

ದಿನಾಂಕ ಒಮ್ಮೆ ಮುಂದಕ್ಕೆ ಹೋಯಿತು. ತುರ್ತು ಕೇಸುಗಳು ಬಂದಿದ್ದವು. ಕಾಯುವ ಆ ದಿನಗಳು ಆಪರೇಷನ್‌ಗಿಂತ ಕಷ್ಟ. ರಕ್ತ ಕೊಡಲು ಇಬ್ಬರನ್ನು ಕರೆತನ್ನಿ ಎಂದಿದ್ದರು, ಸ್ಕೂಲಿನ ಪಿಟಿ ಮೇಷ್ಟ್ರು ಮತ್ತು ಅವರ ತಮ್ಮ ಬಂದರು. ಕನ್ಸೆಂಟ್ ಫಾರ್ಮ್ ಇಂಗ್ಲಿಷ್‌ನಲ್ಲಿತ್ತು. ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಿದೆ. ನೀವೂ ಕೇಳಿ, ಅದು ನಿಮ್ಮ ಹಕ್ಕು. "ಸ್ವಭಾವದಲ್ಲಿ ಬದಲಾವಣೆ ಆಗಬಹುದು" ಎಂಬ ಸಾಲು ಬಂದಾಗ ತಡೆದೆ. "ಡಾಕ್ಟ್ರೇ, ನಾನೇ ಬದಲಾದರೆ ಬದಲಾಗಿದ್ದೀನಿ ಅಂತ ನನಗೆ ಗೊತ್ತಾಗುತ್ತಾ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಕೆಲವರಿಗೆ ಗೊತ್ತಾಗಲ್ಲ. ಮನೆಯವರಿಗೆ ಗೊತ್ತಾಗುತ್ತೆ. ಅದಕ್ಕೇ ಅವರನ್ನೂ ಕೂರಿಸಿಕೊಂಡು ಮಾತಾಡ್ತಿರೋದು" ಎಂದರು. ಪಕ್ಕದಲ್ಲಿದ್ದ ನಮ್ಮ ಮನೆಯವರು ನನ್ನ ಕೈ ಹಿಡಿದುಕೊಂಡರು. ಸಹಿ ಹಾಕಿದೆ.

ಆಪರೇಷನ್ ದಿನ ಜಾಸ್ತಿ ನೋವಾಗಿದ್ದು ತಲೆಯ ಸುತ್ತ ಕೊಡುವ ಮರಗಟ್ಟಿಸುವ ಇಂಜೆಕ್ಷನ್‌ಗಳು. ಕೂದಲನ್ನು ಪೂರ್ತಿ ಬೋಳಿಸಲಿಲ್ಲ, ಒಂದು ಪಟ್ಟಿ ಮಾತ್ರ. ಮೊದಲು ನಿದ್ದೆ ಬರಿಸಿದರು, ತಲೆಬುರುಡೆ ತೆರೆದ ಮೇಲೆ ಎಬ್ಬಿಸಿದರು. ಮೆದುಳಿಗೆ ನೋವು ಗೊತ್ತಾಗುವುದಿಲ್ಲ. ನೋವಿರುವುದು ತಲೆಯ ಚರ್ಮಕ್ಕೆ ಮತ್ತು ಮೆದುಳಿನ ಮೇಲಿನ ಪೊರೆಗೆ. ಎಚ್ಚರವಾದಾಗ ಬಾಯಿ ಒಣಗಿತ್ತು, ಒಂದೇ ಮಗ್ಗುಲಲ್ಲಿ ಮಲಗಿದ್ದರಿಂದ ಭುಜ ಹಿಡಿದಿತ್ತು, ಚಳಿ. ಕಣ್ಣೆದುರು ಪಾರದರ್ಶಕ ಹೊದಿಕೆ, ಅದರಾಚೆ ಟ್ಯಾಬ್ ಹಿಡಿದ ಥೆರಪಿಸ್ಟ್. "ಮೇಡಂ, ಗುಡ್ ಮಾರ್ನಿಂಗ್. ಶುರು ಮಾಡೋಣ್ವಾ?"

ನಾಲ್ಕು ಸೆಕೆಂಡಿಗೊಂದು ಚಿತ್ರ. ಹೆಸರಿನ ಮುಂದೆ 'ಇದು' ಸೇರಿಸಿ ಹೇಳಬೇಕು. ಇದು ಕೊಡೆ. ಇದು ಮೊಲ. ಇದು ಚಮಚ. 'ಇದು' ಎನ್ನುವುದೂ ಬರದಿದ್ದರೆ ಬಾಯಿ ಆಡಿಸುವ ಜಾಗ ಮುಟ್ಟಿದ್ದಾರೆ. 'ಇದು' ಬಂದು ಹೆಸರು ಬರದಿದ್ದರೆ ಹೆಸರು ಹುಡುಕುವ ಜಾಗ. ಸರ್ಜನ್ ಕೆಲವೇ ಮಿಲಿಆಂಪಿಯರ್ ಕರೆಂಟಿನ ಕಡ್ಡಿಯಿಂದ ಒಂದೊಂದೇ ಜಾಗ ಮುಟ್ಟುತ್ತಾ ಹೋಗುತ್ತಾರೆ. ಮಾತು ನಿಂತ ಕಡೆ ಪುಟ್ಟ ನಂಬರ್ ಚೀಟಿ ಇಡುತ್ತಾರೆ. ಯಾವಾಗ ಮುಟ್ಟುತ್ತಾರೆ ಎಂದು ನಮಗೆ ಗೊತ್ತಾಗುವುದಿಲ್ಲ.

ಇದು ಬಾಳೆಹಣ್ಣು. ಇದು ಕುದುರೆ. ಇದು...

ಬೀಗದ ಚಿತ್ರ. ಅದೇನೆಂದು ಗೊತ್ತು. ಬಾಗಿಲಿಗೆ ಹಾಕುವುದು. ನಮ್ಮ ಮನೆಯದನ್ನು ತೆಗೆಯುವಾಗ ಕೀ ಸ್ವಲ್ಪ ಮೇಲೆತ್ತಿ ತಿರುಗಿಸಬೇಕು, ಅದೂ ಗೊತ್ತು. ಬೆರಳು ಹಾಗೇ ತಿರುಗಿತಂತೆ, ಆಮೇಲೆ ಹೇಳಿದರು. ಹೆಸರು ಮಾತ್ರ ಬಾಯಲ್ಲೂ ಇಲ್ಲ, ಮನಸ್ಸಿನಲ್ಲೂ ಇಲ್ಲ. ಕಡ್ಡಿ ತೆಗೆದ ಕೂಡಲೇ "ಬೀಗ, ಬೀಗ" ಎಂದೆ. ಪೆನ್‌ಫೀಲ್ಡ್ ಅವರ ಒಬ್ಬ ರೋಗಿಗೂ ಚಿಟ್ಟೆಯ ಚಿತ್ರ ತೋರಿಸಿದಾಗ ಹೀಗೇ ಆಗಿತ್ತು. ಹೆಸರು ಸಿಗದೆ, ಚಿಟ್ಟೆಯ ಬದಲು ಪತಂಗ ಎಂದಾದರೂ ಹೇಳೋಣ ಎಂದು ಆತ ಒದ್ದಾಡಿದ್ದ, ಅದೂ ಸಿಗಲಿಲ್ಲ. ಹಾಗಾದರೆ ಹೆಸರಿಗಾಗಿ ಹುಡುಕುತ್ತಿದ್ದವನು ಯಾರು? ಇದನ್ನು ನನಗೆ ಹೇಳಿದ್ದು ಥೆರಪಿಸ್ಟ್, ಆಪರೇಷನ್ ಆದ ಎಷ್ಟೋ ದಿನಕ್ಕೆ. ಟೇಬಲ್ ಮೇಲೆ ಇರುವಾಗ ನನಗೂ ಹುಡುಕುತ್ತಿರುವುದು ಮಾತ್ರ ಸ್ಪಷ್ಟವಾಗಿ ಗೊತ್ತಿತ್ತು.

ಇನ್ನೊಂದು ಜಾಗದಲ್ಲಿ ಬೇರೆ ಥರ ಆಯಿತು. ಹದಿನೇಳರ ಮಗ್ಗಿ ಹೇಳುತ್ತಿದ್ದೆ. ಹದಿನೇಳೆಂಟ್ಲ ನೂರಾ ಮೂವತ್ತಾರು ಎನ್ನುವಲ್ಲಿಗೆ ಎಲ್ಲ ನಿಂತಿತು. ಬೀಗದ ಥರ ಹುಡುಕಾಟವೂ ಇರಲಿಲ್ಲ. ಒಳಗೆ ಸದ್ದೇ ಇಲ್ಲ. ಥೆರಪಿಸ್ಟ್ ಕಣ್ಣು, ಮಾಸ್ಕಿನ ನೀಲಿ ದಾರ, ಕಾಲಿನ ಹತ್ತಿರದ ತಣ್ಣನೆ ಗಾಳಿ ಇಷ್ಟೂ ಇತ್ತು. ಹೆದರಿಕೆ ಇರಲಿಲ್ಲ. ಮಾತು ವಾಪಸ್ ಬಂದ ಮೇಲೆ ಹೆದರಿಕೆಯೂ ಬಂತು. ಇದನ್ನು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನನ್ನ ಹೆದರಿಕೆಯಲ್ಲಿ ಬಹುಪಾಲು ಮಾತಿನಿಂದಲೇ ಆಗಿದೆ ಅನ್ನಿಸುತ್ತದೆ.

ಮಧ್ಯದಲ್ಲೊಮ್ಮೆ ಬಲಗೈ ಅದುರಲು ಶುರುವಾಯಿತು. ಮೆದುಳಿನ ಮೇಲೆ ತಣ್ಣನೆಯ ಸಲೈನ್ ಸುರಿದರು, ನಿಂತಿತು. ಇದು ಆಗುವುದುಂಟು, ಅವರು ಸಿದ್ಧವಾಗಿರುತ್ತಾರೆ. ಸುಮಾರು ಹೊತ್ತಿನ ಮೇಲೆ ನನ್ನ ಉತ್ತರ ನಿಧಾನವಾಗುತ್ತಿದೆ ಎಂದು ಥೆರಪಿಸ್ಟ್ ಹೇಳಿದರು. "ಸಾಕು, ಇಲ್ಲಿಗೆ ನಿಲ್ಲಿಸೋಣ" ಎಂದ ಸರ್ಜನ್ ದನಿ ಕೇಳಿಸಿತು. ಮಾತಿನ ಜಾಗಕ್ಕೆ ಅಂಟಿಕೊಂಡಿದ್ದ ಸ್ವಲ್ಪ ಭಾಗವನ್ನು ಹಾಗೇ ಬಿಟ್ಟಿದ್ದಾರೆ.

ಐಸಿಯುನಲ್ಲಿ ಆ ಸಂಜೆ ಮಗನ ಹತ್ತಿರ ಮಾತಾಡಿದೆ. ಮಾರನೇ ಬೆಳಗ್ಗೆ ಮಾತು ಇರಲಿಲ್ಲ. ಹೀಗಾಗಬಹುದು ಎಂದು ಮೊದಲೇ ಹೇಳಿದ್ದರು. ಮಾತು ಮತ್ತು ಚಲನೆಯನ್ನು ಶುರು ಮಾಡುವ ಒಂದು ಜಾಗ ಮುಂಭಾಗದಲ್ಲಿದೆ, ಅದರ ಪಕ್ಕ ಆಪರೇಷನ್ ಆದರೆ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಮಾತು ಹೊರಡುವುದೇ ಇಲ್ಲ. ಬಹಳಷ್ಟು ಜನರಿಗೆ ವಾಪಸ್ ಬರುತ್ತದೆ. ಹೇಳಿದ್ದರೂ ಮನೆಯವರು ಗಾಬರಿಯಾದರು. ಅಮ್ಮ ಹರಕೆ ಕಟ್ಟಿಕೊಂಡರು.

ಆ ದಿನಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೊರಗೆ ಮಾತು ಬರಲಿಲ್ಲ, ಸರಿ, ಒಳಗೆ ಏನು ನಡೀತಿತ್ತು? ಒಳಗೂ ಇರಲಿಲ್ಲ. ಬೆಳಗ್ಗೆ ಎದ್ದರೆ "ಇವತ್ತು ಏನು ವಾರ" ಎಂದು ಕೇಳಿಕೊಳ್ಳುವವರಿಲ್ಲ. ಪೇಪರಿನ ಹೆಡ್‌ಲೈನ್ ಮೇಲೆ ಕಣ್ಣು ಓಡಿದರೆ ಅರ್ಥ ಅಲ್ಪಸ್ವಲ್ಪ ತಿಳಿಯುತ್ತಿತ್ತು, ಆದರೆ ತಲೆಯೊಳಗೆ ಯಾರೂ ಓದುತ್ತಿರಲಿಲ್ಲ. ನೀರು ಕುಡಿಯಬೇಕೆಂದು ಲೋಟಕ್ಕೆ ಕೈ ಹಾಕಿದಾಗ ಯಾರಾದರೂ ಒಳಗೆ ಬಂದರೆ ನೀರು ಮರೆತೇಹೋಗುತ್ತಿತ್ತು. ಎರಡು ವಿಷಯ ಒಟ್ಟಿಗೆ ಹಿಡಿದಿಡಲು ಆಗುತ್ತಿರಲಿಲ್ಲ. ನಾಳೆ ಎಂಬುದು ಇರಲಿಲ್ಲ.

ಆದರೂ ನಾನು ಇದ್ದೆ. ಇದನ್ನು ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಮಂಚದ ಪಕ್ಕ ಕೂತವರಿಗೆ ಹಾಗೆ ಕಾಣಿಸುವುದಿಲ್ಲ. ಆಸ್ಪತ್ರೆಯ ಸಾರು ಹಿಡಿಸುತ್ತಿರಲಿಲ್ಲ, ಮುಖ ತಿರುಗಿಸುತ್ತಿದ್ದೆ. ಮಗ ಬಂದರೆ ಸಂತೋಷವಾಗುತ್ತಿತ್ತು. ಒಬ್ಬ ನೆಂಟರು ನನ್ನೆದುರೇ "ಇವಳಿಗೆ ಏನೂ ತಿಳೀತಿಲ್ಲ ಪಾಪ" ಎಂದಾಗ ಕಣ್ಣಲ್ಲಿ ನೀರು ಬಂತು. ಅವಮಾನವಾಯಿತು ಎಂದು ನನಗೆ ನಾನೇ ಹೇಳಿಕೊಳ್ಳಲಿಲ್ಲ. ಹೇಳಿಕೊಳ್ಳುವ ದನಿ ಇರಲಿಲ್ಲ. ಅವಮಾನ ಮಾತ್ರ ಆಯಿತು. ಬೇಕು ಬೇಡ, ನಮ್ಮವರು ಹೊರಗಿನವರು ಎಲ್ಲವೂ ಮಾತಿಲ್ಲದೆಯೂ ಇತ್ತು. ಮನಸ್ಸು ಮೌನವಾಗುವುದೇ ದೊಡ್ಡ ಸುಖ ಎಂದು ಧ್ಯಾನ ಮಾಡುವ ನನ್ನ ಗೆಳತಿ ಹೇಳುತ್ತಾಳೆ. ಅವಳದು ಬಯಸಿ ಪಡೆದ ಮೌನ, ಅದರ ಬಗ್ಗೆ ನಾನು ಏನೂ ಹೇಳಲಾರೆ. ನನ್ನದರಲ್ಲಿ ಸುಖವೂ ಇರಲಿಲ್ಲ, ದುಃಖವೂ ಅಷ್ಟಿರಲಿಲ್ಲ. ಆದರೆ ಆ ದನಿ ನನಗೆ ಬೇಕು. ನಾಳೆಯ ಪಾಠ ಜೋಡಿಸುವುದು, ಹೆದರಿದಾಗ ಸಮಾಧಾನ ಹೇಳುವುದು ಅದೇ. ಅದು ನಾನಲ್ಲ ಎಂದು ಈಗ ಗೊತ್ತು. ನಾನು ಬಾಳುವುದು ಅದರ ಸಹಾಯದಿಂದ ಎಂಬುದೂ ಗೊತ್ತು.

ನೋಡಿಕೊಳ್ಳುವವರಿಗೆ ಒಂದೆರಡು ಮಾತು. ರೋಗಿಯ ಎದುರು ರೋಗಿಯ ಬಗ್ಗೆ ಮಾತಾಡಬೇಡಿ. ಕಿವುಡರ ಹತ್ತಿರ ಮಾತಾಡಿದಂತೆ ಕೂಗಬೇಡಿ. ಒಂದು ಪ್ರಶ್ನೆ ಕೇಳಿ, ಕಾಯಿರಿ. ನಿಮಗೆ ಉದ್ದ ಅನ್ನಿಸುವಷ್ಟು ಹೊತ್ತು ಕಾಯಿರಿ. ಅವರ ವಾಕ್ಯವನ್ನು ನೀವು ಮುಗಿಸಬೇಡಿ. ನೋಡಲು ಬರುವವರನ್ನು ಆದಷ್ಟು ತಡೆಯಿರಿ.

ತಾನಾಗಿ ಮಾತು ಹೊರಡದಿದ್ದರೂ ಬೇರೆಯವರು ಹೇಳಿದ್ದನ್ನು ಮತ್ತೆ ಹೇಳಲು ಬರುತ್ತಿತ್ತು. ಅಮ್ಮ ಪಕ್ಕದಲ್ಲಿ ಕೂತು "ಎರಡೊಂದ್ಲ ಎರಡು" ಎಂದರು. "ಎರಡೆರಡ್ಲ ನಾಲ್ಕು" ಎಂದು ನನ್ನ ಬಾಯಿಂದ ಬಂತು. ಇಪ್ಪತ್ತರವರೆಗೂ ಹೋಯಿತು. ಶ್ಲೋಕ, ವಾರಗಳ ಹೆಸರು ಹೀಗೇ ಬಂದವು. ಕಾಫಿ ಬೇಕಾ ಎಂದರೆ ಮಾತ್ರ ಉತ್ತರ ಹೊರಡುತ್ತಿರಲಿಲ್ಲ. ಉರು ಹೊಡೆದ ಮಾತಿಗೂ ನಾವೇ ಕಟ್ಟಿ ಆಡುವ ಮಾತಿಗೂ ದಾರಿ ಬೇರೆ ಎಂದು ಥೆರಪಿಸ್ಟ್ ವಿವರಿಸಿದರು. ಹಳೇ ದಾರಿಯಿಂದ ಹೊಸ ದಾರಿಗೆ ದಿನಾ ಸ್ವಲ್ಪ ಸ್ವಲ್ಪ ಎಳೆದು ತಂದರು.

ಒಳಗಿನ ದನಿ ಮೊದಲು ವಾಪಸ್ ಬಂದಿದ್ದು ಮನೆಯಲ್ಲಿ, ಬಿಲ್ಲುಗಳ ಮುಂದೆ. ಡಿಸ್ಚಾರ್ಜ್ ನಂತರದ ಕ್ಲೇಮಿಗೆ ನಮ್ಮ ಮನೆಯವರು ರಸೀದಿಗಳನ್ನು ಹರಡಿಕೊಂಡು ಕೂತಿದ್ದರು. ಫಾರ್ಮಸಿ ಬಿಲ್ ಮೇಲೆ ಕಣ್ಣಾಡಿಸುತ್ತಿದ್ದೆ. ಒಂದೇ ಇಂಜೆಕ್ಷನ್, ಒಂದೇ ದಿನಾಂಕ, ಒಂದೇ ಮೊತ್ತ, ಎರಡು ಸಲ. 1,840, ಮತ್ತೆ 1,840. "ಮೂರು ಸಾವಿರದ ಆರುನೂರ ಎಂಬತ್ತು" ಎಂದು ತಲೆಯೊಳಗೆ ಕೇಳಿಸಿತು. ಕನ್ನಡದಲ್ಲಿ, ನನ್ನದೇ ದನಿಯಲ್ಲಿ. ಹಿಂದೆಯೇ "ತಪ್ಪು" ಎಂದೂ ಕೇಳಿಸಿತು. ಬೆರಳಿಟ್ಟು ತೋರಿಸಿ "ರೀ" ಎಂದೆ. ಅವರು ಬಿಲ್ ಬಿಟ್ಟು ನನ್ನ ಮುಖವನ್ನೇ ನೋಡಿದರು.

ಒಟ್ಟು ಖರ್ಚು ಆರು ಲಕ್ಷದ ಹತ್ತಿರ. ಗ್ಲೌಸ್, ಕಿಟ್ ಥರದ್ದನ್ನೆಲ್ಲ ಇನ್ಶೂರೆನ್ಸ್‌ನವರು ಕಳೆದರು, ರೂಮ್ ಬಾಡಿಗೆಯ ಮಿತಿ ಬೇರೆ. ಕೈಯಿಂದ ಒಂದೂಕಾಲು ಲಕ್ಷದಷ್ಟು ಹೋಯಿತು. ಅಡ್ಮಿಟ್ ಆಗುವ ಮುಂಚಿನ ಎಂಆರ್‌ಐ, ಥೆರಪಿ ಖರ್ಚನ್ನೂ ಪಾಲಿಸಿಯ ನಿಯಮದಂತೆ ಕೇಳಬಹುದು. ಮೂಲ ರಸೀದಿ, ಡಾಕ್ಟರ ಚೀಟಿ ಎರಡೂ ಬೇಕು. ಎಲ್ಲದರ ಜೆರಾಕ್ಸ್ ಇಟ್ಟುಕೊಂಡೇ ಕೊಡಿ.

ಬಯಾಪ್ಸಿ ರಿಪೋರ್ಟ್‌ಗೆ ತುಂಬಾ ಕಾದೆವು. ಮೊದಲ ರಿಪೋರ್ಟ್ ಬೇಗ ಬರುತ್ತದೆ, ಗಡ್ಡೆಯ ಜೀನ್ ಪರೀಕ್ಷೆ ತಡ, ಅದಕ್ಕೆ ಬೇರೆ ದುಡ್ಡು. ಕೊನೆಗೆ ಗ್ರೇಡ್ 2 ಆಲಿಗೋಡೆಂಡ್ರೋಗ್ಲಯೋಮಾ ಎಂದು ಬಂತು. ಇಂಥವುಗಳಲ್ಲಿ ಸ್ವಲ್ಪ ಒಳ್ಳೆಯ ಜಾತಿ ಎಂದರು. ರೇಡಿಯೇಷನ್ ಈಗ ಬೇಡ, ಎಂಆರ್‌ಐ ಮಾಡಿಸುತ್ತಾ ನೋಡೋಣ ಎಂದು ತೀರ್ಮಾನವಾಯಿತು.

ಇಷ್ಟರಲ್ಲಿ ಇನ್ನೊಂದು ತೊಂದರೆ. ಮಾತು ಬಂದ ಮೇಲೆ ಸಿಟ್ಟು ವಿಪರೀತ ಬರಲು ಶುರುವಾಯಿತು. ಮಗನ ಮೇಲೆ ತಟ್ಟೆ ಎಸೆಯುವಷ್ಟು. ಇದೇನಾ ಆ ಫಾರ್ಮಿನಲ್ಲಿದ್ದ ಸ್ವಭಾವದ ಬದಲಾವಣೆ ಎಂದು ಮನೆಯಲ್ಲಿ ಎಲ್ಲರಿಗೂ ಭಯ. ಡಾಕ್ಟರು ಕೇಳಿದ ಕೂಡಲೇ ಫಿಟ್ಸ್ ಮಾತ್ರೆಯ ಹೆಸರು ನೋಡಿದರು. ಲೆವೆಟಿರಾಸಿಟಮ್ ತೆಗೆದುಕೊಳ್ಳುವ ಕೆಲವರಿಗೆ ಹೀಗೆ ಸಿಟ್ಟು ಬರುತ್ತದಂತೆ. ನಿಧಾನವಾಗಿ ಬೇರೆ ಮಾತ್ರೆಗೆ ಬದಲಿಸಿದರು, ಸಿಟ್ಟು ಇಳಿಯಿತು. ನೀವಾಗಿ ಮಾತ್ರೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಆದರೆ ಮನೆಯವರು ಸಹಿಸಿಕೊಂಡು ಸುಮ್ಮನಿರಲೂಬಾರದು, ಹೇಳಬೇಕು. ಆ ಸಿಟ್ಟು ಬಂದಾಗ ಅದು ನೂರಕ್ಕೆ ನೂರು ನನ್ನದೇ ಅನ್ನಿಸುತ್ತಿತ್ತು, ಕಾರಣಗಳೂ ಒಳಗಿನ ದನಿಯಲ್ಲಿ ಸಾಲಾಗಿ ಬರುತ್ತಿದ್ದವು. ಒಳಗಿನಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಅವತ್ತು ಸರ್ಜನ್ ಹೇಳಿದ್ದು ನಿಜವೇ, ಗೊತ್ತಾಗಿದ್ದು ಮನೆಯವರಿಗೆ.

ಈಗ ಸ್ಕೂಲಿಗೆ ಹೋಗುತ್ತಿದ್ದೇನೆ. ರಜೆಯಿಂದ ವಾಪಸಾಗಲು ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು, ಡಿಸ್ಚಾರ್ಜ್ ಸಮ್ಮರಿ ಜೊತೆಗೆ ಕೊಡಬೇಕು. ಸ್ಕೂಟರ್ ಬಿಟ್ಟು ಬಸ್ಸಿನಲ್ಲಿ ಓಡಾಡುತ್ತೇನೆ, ಫಿಟ್ಸ್ ಇರುವವರು ಡಾಕ್ಟರು ಹೇಳುವವರೆಗೆ ಗಾಡಿ ಓಡಿಸಬಾರದು. ಪಾಠ ನಿಧಾನವಾಗಿದೆ, ಮಕ್ಕಳು ಕಾಯುತ್ತಾರೆ. ಸಂಜೆಯಾದರೆ ಪದಗಳು ತಡವಾಗಿ ಬರುತ್ತವೆ, ಇಂಗ್ಲಿಷ್ ಇನ್ನೂ ತಡ. ಮುಂದಿನ ಎಂಆರ್‌ಐ ಅದೇ ಸೆಂಟರಿನಲ್ಲಿ ಮಾಡಿಸಿದರೆ ಹೋಲಿಸಿ ನೋಡಲು ಸುಲಭವಂತೆ, ಹಳೆಯ ಸಿಡಿಗಳನ್ನು ಒಂದೇ ಕಡೆ ಇಟ್ಟಿದ್ದೇನೆ. ನನ್ನ ಚಿತ್ರಗಳ ಪಟ್ಟಿಯ ಒಂದು ಪ್ರತಿ ಕೂಡ ಆ ಫೈಲಿನಲ್ಲಿದೆ. ಬಿಟ್ಟಿರುವ ಭಾಗ ಮುಂದೆಂದಾದರೂ ಬೆಳೆದು ಮತ್ತೆ ಆಪರೇಷನ್ ಬೇಕಾದರೆ ಅದರಿಂದಲೇ ಶುರು ಮಾಡಬಹುದು ಎಂದು ಥೆರಪಿಸ್ಟ್ ಹೇಳಿದ್ದಾರೆ.